ಅರ್ಥಕ್ಕೆ ಅಂಕವಿಲ್ಲ

ನನಗೆ ಇಂಗ್ಲಿಷ್ ಬರೋದಿಲ್ಲ. ಮೊದಲೇ ಹೇಳಿಬಿಡ್ತೀನಿ, ಆಮೇಲೆ ಮೂಗು ಮುರೀಬೇಡಿ. ಇಂಗ್ಲಿಷ್ ಪದಗಳು ಬರುತ್ತವೆ, ಅದು ಬೇರೆ ಮಾತು. ಕ್ಯೂ ಇದ್ದು ಯು ಇಲ್ಲದ ಪದ ಯಾವುವು ಅಂತ ನಿದ್ದೆಯಿಂದ ಎಬ್ಬಿಸಿ ಕೇಳಿ, ಒಂದೇ ಉಸಿರಿಗೆ ಒದರ್ತೀನಿ. ಅದೇ ಯಾರಾದರೂ ಬಿಳಿಯ ಪ್ರವಾಸಿ ರೈಲ್ವೆ ಸ್ಟೇಷನ್ ಎಲ್ಲಿ ಅಂತ ಕೇಳಿದರೆ ಸುಮ್ಮನೆ ಒಂದು ಕಡೆ ಕೈ ತೋರಿಸಿ, ನಕ್ಕು, ಮನೆ ಸೇರ್ಕೋತೀನಿ.

ನಮ್ಮ ತ್ರಾಂಗ್ ಊರಿನ ಆಟಗಾರರೆಲ್ಲ ಹೀಗೇ. ತ್ರಾಂಗ್ ಯಾಕೆ, ಇಡೀ ಥಾಯ್ಲೆಂಡಿನಲ್ಲಿ ಅಕ್ಷರದ ಆಟ ಆಡೋರು ಮುಕ್ಕಾಲುಪಾಲು ಹೀಗೇ. ಕೈಗೆ ಏಳು ಬಿಲ್ಲೆ ಬರುತ್ತವೆ, ಒಂದೊಂದರ ಮೇಲೆ ಒಂದೊಂದು ಇಂಗ್ಲಿಷ್ ಅಕ್ಷರ. ಅವನ್ನ ಮುಂದಿನ ಪುಟ್ಟ ಮಣೆಯ ಮೇಲೆ ಜೋಡಿಸ್ಕೊಂಡು, ಹಲಗೆಯ ಮೇಲೆ ಪದ ಇಡಬೇಕು. ಏಳನ್ನೂ ಒಟ್ಟಿಗೆ ಇಟ್ಟರೆ ಐವತ್ತು ಅಂಕ ಹೆಚ್ಚಿಗೆ. ಆ ಪದ ನಿಘಂಟಿನಲ್ಲಿದ್ದರೆ ಸಾಕು. ಅದು ತಿನ್ನೋ ವಸ್ತುವೋ, ಉಡೋ ವಸ್ತುವೋ, ಯಾರಿಗೆ ಬೇಕು?

ಊರೆಲ್ಲ ನನ್ನನ್ನ ಕ್ರೂ ಸಮ್ರುವೈ ಅಂತಾರೆ. ಕ್ರೂ ಅಂದರೆ ಮೇಷ್ಟ್ರಮ್ಮ. ಹೈಸ್ಕೂಲಲ್ಲಿ ಗಣಿತ ಕಲಿಸ್ತಿದ್ದವಳು. ನಿವೃತ್ತಿಯಾಯ್ತು, ಗಂಡ ಸನಿತ್ ಅದಕ್ಕೂ ಮೊದಲೇ ತೀರ್ಕೊಂಡಿದ್ದರು, ಮನೆಯಲ್ಲಿ ಮಾತಾಡಿಸೋಕೆ ಬೆಕ್ಕೂ ಇಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಸೆಂಗ್ ಅಣ್ಣನ ತಿಂಡಿ ಅಂಗಡಿಗೆ ಹೋಗಿ ಕೂತ್ಕೋತೀನಿ. ಆವಿಯಲ್ಲಿ ಬೇಯಿಸಿದ ಕಡುಬಿನ ಬುಟ್ಟಿಗಳೆಲ್ಲ ಖಾಲಿಯಾಗಿ ಗಿರಾಕಿಗಳು ಎದ್ದು ಹೋದ ಮೇಲೆ ಅದೇ ಮೇಜುಗಳನ್ನ ಒರೆಸಿ ಆಟದ ಹಲಗೆ ಹಾಸ್ತೀವಿ. ಅದೇ ನಮ್ಮ ಕ್ಲಬ್ಬು.

ಕಲಿಸೋ ರೀತಿ ನನ್ನದೇ. ಯಾವ ಪದವಾದರೂ ಸರಿ, ಅದರ ಅಕ್ಷರಗಳನ್ನ ಎ ಬಿ ಸಿ ಕ್ರಮದಲ್ಲಿ ಜೋಡಿಸ್ಕೊಂಡು ರಾಗವಾಗಿ ಹಾಡಬೇಕು, ಹಾಡಿನ ಕೊನೆಗೆ ಪದ ತಾನಾಗೇ ಬಾಯಿಗೆ ಬರಬೇಕು. ಮಗ್ಗಿ ಹೇಳೋ ಹಾಗೆ. ಏಳೆಂಟ್ಲಿ ಐವತ್ತಾರು ಅನ್ನೋವಾಗ ಐವತ್ತಾರರ ಅರ್ಥ ಏನು ಅಂತ ಕೇಳ್ತೀವಾ? ಅರ್ಥಕ್ಕೆ ಅಂಕವಿಲ್ಲ ಅಂತ ಮೊದಲ ದಿನವೇ ಹೇಳಿಬಿಡ್ತೀನಿ.

ನನ್ನ ಶಿಷ್ಯರಲ್ಲೆಲ್ಲ ರಂಪೈ ಮೇಲು. ಮಾರ್ಕೆಟ್ಟಿನಲ್ಲಿ ಹುರಿದ ಹಂದಿಮಾಂಸ ಮಾರ್ತಾಳೆ, ಮೂವತ್ತು ದಾಟಿದೆ, ತೋಳಲ್ಲಿ ಕಸುವಿದೆ, ನಾಲಿಗೆಯಲ್ಲಿ ಇನ್ನೂ ಜಾಸ್ತಿ ಇದೆ. ಕತ್ತಿ ಎತ್ತಿ ಚರ್ಮ ಚಟಚಟ ಕತ್ತರಿಸ್ತಾ ಅದೇ ತಾಳಕ್ಕೆ ಪದ ಹಾಡೋಳು. ಗಿರಾಕಿಗಳು ಇವಳೇನೋ ಮಂತ್ರ ಹಾಕ್ತಿದ್ದಾಳೆ ಅಂದ್ಕೊಂಡು ಚೌಕಾಸಿ ಬಿಟ್ಟುಬಿಟ್ಟಿದ್ದರು. ಈ ಹುಡುಗಿಯಿಂದ ನನಗೆ ಬೇಕಾಗಿದ್ದು ಒಂದೇ: ಬೆಳ್ಳಿ ಬಟ್ಟಲು.

ದಕ್ಷಿಣದ ಊರುಗಳಿಗೆಲ್ಲ ಸೇರಿ ವರ್ಷಕ್ಕೊಂದು ಪಂದ್ಯ. ಗೆದ್ದ ಊರಿಗೆ ಕಪ್ಪು ಕುಸುರಿ ಕೆಲಸದ ಬೆಳ್ಳಿ ಬಟ್ಟಲು. ಪಂದ್ಯ ಶುರುವಾದಾಗಿನಿಂದ ಅದು ಹಾಟ್‌ಯಾಯ್ ಊರಲ್ಲೇ ಕೂತಿದೆ, ತವಿನ್ ಮೇಷ್ಟ್ರ ಮನೆಯ ಗಾಜಿನ ಕಪಾಟಲ್ಲಿ. ಈ ತವಿನ್ ನನ್ನ ಜೊತೆ ಟ್ರೈನಿಂಗ್ ಕಾಲೇಜಲ್ಲಿ ಓದಿದವನು. ಆಗಲೂ ನನಗಿಂತ ಒಂದೆರಡು ಅಂಕ ಜಾಸ್ತಿ ತಗೊಂಡು ಹಲ್ಲು ಕಿರೀತಿದ್ದ. ಪ್ರತಿ ವರ್ಷ ನಾವು ಸೋತು ಹೊರಡೋವಾಗ ಬಾಗಿಲ ತನಕ ಬಂದು ಹೇಳ್ತಾನೆ: "ಬಟ್ಟಲ ಚಿಂತೆ ಬಿಡು ಸಮ್ರುವೈ, ಅದರಲ್ಲಿ ನನ್ನ ಹೆಂಡತಿ ಪೆಪ್ಪರಮೆಂಟು ಹಾಕಿಟ್ಟಿದ್ದಾಳೆ. ಬಾ, ಒಂದು ತಿಂದು ಹೋಗು." ನನ್ನ ಮೈಯೆಲ್ಲ ಉರಿದುಹೋಗುತ್ತೆ. ಸಾಯೋದರೊಳಗೆ ಆ ಪೆಪ್ಪರಮೆಂಟು ಚೆಲ್ಲಿ ಬಟ್ಟಲು ತರಬೇಕು ಅಂತ ನಾನು ಹಟ ಹಿಡಿದಿದ್ದೆ. ಈ ವರ್ಷ ರಂಪೈ ಆಡೋ ಆಟ ನೋಡಿ, ಬಂತು ಬಿಡು ಅಂತಲೇ ಅಂದ್ಕೊಂಡಿದ್ದೆ.

ಅಷ್ಟರಲ್ಲಿ ಕ್ರಿಸಾಂತೊ ವಕ್ಕರಿಸಿದ.

ಫಿಲಿಪ್ಪೀನ್ಸಿನವನು. ನಮ್ಮೂರ ಶಾಲೆಯಲ್ಲಿ ಇಂಗ್ಲಿಷ್ ಕಲಿಸೋಕೆ ಬಂದ. ಒಳ್ಳೇ ಹುಡುಗ, ಅನ್ನ ತಿನ್ನೋವಾಗ ಕಣ್ಣು ಮುಚ್ಕೊಂಡು ತಿಂತಾನೆ, ಎಲ್ಲದಕ್ಕೂ ನಗ್ತಾನೆ. ಆಟದಲ್ಲಿ ಮಾತ್ರ ದಡ್ಡಶಿಖಾಮಣಿ. ನಮ್ಮ ಸೆಂಗ್ ಅಣ್ಣ ಬಾಣಲೆ ಕಡೆ ಒಂದು ಕಣ್ಣಿಟ್ಕೊಂಡೇ ಇವನನ್ನ ಸೋಲಿಸ್ತಿದ್ದ. ಸೋತಾಗಲೆಲ್ಲ ಕ್ರಿಸಾಂತೊ ಹಲಗೆ ಮೇಲಿನ ಪದ ನೋಡಿ ಬಾಯಿ ತೆರೆಯೋನು. "ಅಣ್ಣ, ಈ ಪದ ಏನು ಗೊತ್ತಾ? ಹಳೇ ಕಾಲದ ಹಡಗಿನ ಹಗ್ಗ!" ಸೆಂಗ್ ಅಣ್ಣ ಹೇಳೋನು, "ಹಗ್ಗವೋ ಹಾವೋ, ಮೂವತ್ತೆರಡು ಅಂಕ ಬರ್ಕೋ."

ದಿನ ಕಳೆದ ಹಾಗೆ ಅವನು ರಂಪೈ ಮೇಜಿಗೇ ಅಂಟಿಕೊಂಡ. ನಾನು ಕಂಡೂ ಕಾಣದ ಹಾಗಿದ್ದೆ, ವಯಸ್ಸಿನ ಮಕ್ಕಳು, ಇರಲಿ ಅಂತ. ಆದರೆ ಒಂದು ಬೆಳಿಗ್ಗೆ ಆಟದ ನಡುವೆ ರಂಪೈ ಕಿಸಕ್ಕನೆ ನಕ್ಕಳು. ಸರದಿಯ ಹೊತ್ತು ಎಣಿಸೋ ಗಡಿಯಾರ ಓಡ್ತಾ ಇದೆ, ಇವಳು ಮಣೆ ನೋಡ್ಕೊಂಡು ಬಾಯಿಗೆ ಕೈ ಅಡ್ಡ ಹಿಡಿದು ನಗ್ತಾ ಇದ್ದಾಳೆ.

"ಏನೇ ಅದು?"

"ಕ್ರೂ, ಈ ಪದ ಇದೆಯಲ್ಲ, ಓ ಐ ಎನ್ ಕೆ... ಇಂಗ್ಲಿಷ್ ಹಂದಿ ಹೀಗೆ ಕೂಗುತ್ತಂತೆ! ನಾನು ಇಷ್ಟು ವರ್ಷದಿಂದ ಹಂದಿ ಹುರೀತಾ ಇದೀನಿ, ನನ್ನ ಹಂದಿ ಒಂದು ದಿನವಾದರೂ ಹಾಗೆ ಅಂದಿಲ್ಲ."

"ಯಾರು ಹೇಳಿದ್ದು?"

ಪಕ್ಕದಲ್ಲಿ ಕ್ರಿಸಾಂತೊ ಚಹಾ ಲೋಟದೊಳಗೆ ಮುಖ ಮುಚ್ಕೊಂಡ. ಈ ಪುಣ್ಯಾತ್ಮ ನನ್ನ ಹುಡುಗಿಗೆ ಅರ್ಥ ಕಲಿಸ್ತಾ ಇದಾನೆ!

ಅಲ್ಲಿಂದ ಶುರುವಾಯ್ತು ನೋಡಿ ನನ್ನ ಗ್ರಹಚಾರ. ಮೊದಲು ಕಣ್ಣು ಮಿಟುಕಿಸೋದರಲ್ಲಿ ಇಡ್ತಿದ್ದವಳು ಈಗ ಪದ ಕಂಡರೆ ನಿಂತು ಮಾತಾಡಿಸ್ತಾಳೆ, ನೆಂಟರು ಸಿಕ್ಕ ಹಾಗೆ. ಪತಂಗ ಅನ್ನೋ ಪದ ಬಂದರೆ ತಲೆ ಎತ್ತಿ ಟ್ಯೂಬ್‌ಲೈಟ್ ನೋಡ್ತಾಳೆ. ಅನಾಥ ಅನ್ನೋ ಪದ ಬಂತು, ಅಯ್ಯೋ ಪಾಪ ಅಂತ ಇಡೋಕೇ ಮನಸ್ಸು ಬರದೆ ಕೂತಳು. ನಾನು ತಲೆ ಮೇಲೆ ಕೈ ಹೊತ್ತುಕೊಂಡೆ.

"ಅರ್ಥ ತಗೊಂಡು ಉಪ್ಪಿನಕಾಯಿ ಹಾಕ್ತೀಯೇನೇ? ಪಂದ್ಯ ಮುಗಿಯೋ ತನಕ ಅವನ ಮುಖ ನೋಡಬೇಡ!"

"ಮುಖಕ್ಕೂ ಪದಕ್ಕೂ ಏನು ಸಂಬಂಧ ಕ್ರೂ?"

"ನನ್ನ ಹತ್ರ ನಾಟಕ ಆಡಬೇಡ. ಎಲ್ಲಾ ಸಂಬಂಧ ಇದೆ."

ಸೆಂಗ್ ಅಣ್ಣ ಒಳಗಿನಿಂದ ಕೂಗಿದ, "ಬಿಡಿ ಮೇಷ್ಟ್ರಮ್ಮ, ಹುಡುಗಿ ಬರೀ ಪದ ಕಟ್ಕೊಂಡು ಸಂಸಾರ ಮಾಡೋಕಾಗುತ್ತಾ?" ನಾನು ಅವನಿಗೂ ಒಂದಿಷ್ಟು ಬೈದೆ. ಆದರೆ ಪಂದ್ಯಕ್ಕೆ ಕ್ರಿಸಾಂತೊನನ್ನ ಬಿಟ್ಟು ಹೋಗೋಣ ಅಂದರೆ ರಂಪೈ ತಾನೂ ಬರಲ್ಲ ಅಂತ ಕೂತಳು. ಕೊನೆಗೆ ಬಾಡಿಗೆ ವ್ಯಾನಿನಲ್ಲಿ ಅವನಿಗೂ ಒಂದು ಸೀಟು ಕೊಡಬೇಕಾಯ್ತು. ಹಿಂದಿನ ಸೀಟು ಕೊಟ್ಟೆ, ಸಾಮಾನಿನ ಜೊತೆ.

ಪಂದ್ಯ ಹಾಟ್‌ಯಾಯ್ ಪೇಟೆಯ ದೊಡ್ಡ ಮಾಲ್‌ನ ಮೇಲಿನ ಅಂತಸ್ತಿನಲ್ಲಿ. ಒಂದು ಕಡೆ ಮಕ್ಕಳ ರೈಲು ಪೀಂ ಪೀಂ ಅಂತ ಸುತ್ತುತ್ತೆ, ಇನ್ನೊಂದು ಕಡೆ ಹಗ್ಗ ಕಟ್ಟಿ ನಮ್ಮ ಮೇಜುಗಳು. ನನಗೆ ಆಶ್ಚರ್ಯ ಅಂದರೆ, ರಂಪೈ ಅವತ್ತು ಬೆಂಕಿ ಹಾಗೆ ಆಡಿದಳು. ನಗೋದಿಲ್ಲ, ಮರುಗೋದಿಲ್ಲ, ಕತ್ತಿ ಎತ್ತಿ ಕಡಿದ ಹಾಗೆ ಪದದ ಮೇಲೆ ಪದ. ಫುಕೆಟ್ ಹೋಯ್ತು, ಸೊಂಕ್ಲಾ ಹೋಯ್ತು, ಪಟ್ಟಾನಿ ಹೋಯ್ತು. ನಾನು ಮನಸ್ಸಿನಲ್ಲೇ ನನ್ನ ಬೈಗುಳಕ್ಕೆ ಶಹಬ್ಬಾಸ್ ಹೇಳ್ಕೊಂಡೆ. ಸಂಜೆ ಹೊತ್ತಿಗೆ ಕೊನೇ ಆಟಕ್ಕೆ ಉಳಿದಿದ್ದು ಇಬ್ಬರೇ. ಈ ಕಡೆ ನನ್ನ ರಂಪೈ, ಆ ಕಡೆ ತವಿನ್. ಬೆಳ್ಳಿ ಬಟ್ಟಲನ್ನ ತಂದು ಮೇಜಿನ ಪಕ್ಕ ಇಟ್ಟರು. ಪೆಪ್ಪರಮೆಂಟು ಖಾಲಿ ಮಾಡಿ ತೊಳೆದಿದ್ದರು ಅಂತ ಕಾಣುತ್ತೆ.

ನಾನು ಹಗ್ಗದ ಹಿಂದೆ, ಸರಿಯಾಗಿ ರಂಪೈ ಬೆನ್ನಿಗೆ ನಿಂತೆ. ನನ್ನ ಒಂದು ಪಕ್ಕ ಸೆಂಗ್ ಅಣ್ಣ, ಇನ್ನೊಂದು ಪಕ್ಕ ಕ್ರಿಸಾಂತೊ. ನೋಡೋರು ಉಸಿರೆತ್ತೋ ಹಾಗಿಲ್ಲ, ಎತ್ತಿದರೆ ನಮ್ಮವರಿಗೇ ದಂಡ.

ಆಟ ಹಗ್ಗಜಗ್ಗಾಟದ ಹಾಗೆ ಎಳೀತು. ಚೀಲದ ಬಿಲ್ಲೆಗಳು ಮುಗಿದವು. ತವಿನ್ ನಲವತ್ತು ಚಿಲ್ಲರೆ ಅಂಕ ಮುಂದೆ ಇದಾನೆ, ಕೈಯಲ್ಲಿ ಇನ್ನೆರಡೇ ಬಿಲ್ಲೆ. ಈಗ ರಂಪೈ ಸರದಿ. ನಾನು ಕತ್ತು ಉದ್ದ ಮಾಡಿ ಅವಳ ಮಣೆ ನೋಡಿದೆ. ಡಿ, ಇ, ಐ, ಓ, ಆರ್, ಮೇಲೆ ಎರಡು ಡಬ್ಲ್ಯೂ. ಎರಡೂ ಡಬ್ಲ್ಯೂ ಒಬ್ಬರ ಕೈಗೇ ಬಂದರೆ ಯಾರಾದರೂ ಹಣೆ ಚಚ್ಕೋತಾರೆ. ಆದರೆ ನನ್ನ ಬಾಯಲ್ಲಿ ರಾಗ ತಾನಾಗೇ ಎದ್ದಿತು, ಡಿ ಇ ಐ ಓ ಆರ್ ಡಬ್ಲ್ಯೂ ಡಬ್ಲ್ಯೂ... ಇದೆ! ಏಳೂ ಸೇರಿ ಒಂದೇ ಒಂದು ಪದ ಇದೆ! ಹಲಗೆ ನೋಡಿದೆ. ಬಲಗಡೆ ಒಂದು ಎಸ್, ಅದರ ಎಡಕ್ಕೆ ಸರಿಯಾಗಿ ಏಳು ಮನೆ ಖಾಲಿ, ಪದ ಇಟ್ಟರೆ ಆ ಎಸ್ ಬಾಲಕ್ಕೆ ಸೇರ್ಕೊಳ್ಳುತ್ತೆ. ಹೇಳಿ ಮಾಡಿಸಿದ ಹಾಗೆ. ಇಟ್ಟರೆ ಆಟ ಮುಗೀತು, ಬಟ್ಟಲು ನಮ್ಮದು.

ಸೆಂಗ್ ಅಣ್ಣನೂ ಕಂಡುಕೊಂಡ. ನನ್ನ ತೋಳು ಎಷ್ಟು ಗಟ್ಟಿಯಾಗಿ ಹಿಡ್ಕೊಂಡ ಅಂದರೆ ಆಮೇಲೆ ನೋಡಿದರೆ ಬೆರಳಿನ ಗುರುತು ಇತ್ತು.

ರಂಪೈ ಕೈ ಮುಂದೆ ಹೋಯ್ತು. ಬಿಲ್ಲೆಗಳನ್ನ ಒಂದೊಂದಾಗಿ ಸರಿಸಿ ಮಣೆಯ ಮೇಲೇ ಪದ ಜೋಡಿಸಿದಳು. ಡಬ್ಲ್ಯೂ, ಐ, ಡಿ, ಓ, ಡಬ್ಲ್ಯೂ, ಇ, ಆರ್. ಭೇಷ್ ನನ್ನ ಚಿನ್ನ, ಎತ್ತಿ ಇಡು, ಇಡು ಅಂತ ನಾನು ಮನಸ್ಸಲ್ಲೇ ಕೂಗ್ತಾ ಇದೀನಿ. ಅವಳು ಆ ಪದವನ್ನ ನೋಡಿದಳು, ಸುಮ್ಮನೆ ನೋಡ್ತಾ ಕೂತಳು. ಗಡಿಯಾರ ಓಡ್ತಾ ಇದೆ. ಆಮೇಲೆ ಮೆಲ್ಲಗೆ ನಕ್ಕು, ಅಂಗೈಯಿಂದ ಏಳೂ ಬಿಲ್ಲೆಯನ್ನ ಕಲಸಿಬಿಟ್ಟಳು. ಮೂರೇ ಮೂರು ಬಿಲ್ಲೆ ತಗೊಂಡು ಯಾವುದೋ ಮೂಲೆಯಲ್ಲಿ ಒಂದು ಪುಟಗೋಸಿ ಪದ ಇಟ್ಟು ಗಡಿಯಾರ ಒತ್ತಿದಳು.

ತವಿನ್ ತನ್ನ ಎರಡು ಬಿಲ್ಲೆ ಇಟ್ಟ. ಆಟ ಮುಗೀತು. ಬಟ್ಟಲು ಹೋಯ್ತು.

ಅಷ್ಟರಲ್ಲಿ ಪಕ್ಕದಲ್ಲಿ ಏನೋ ಧಡಧಡ ಸದ್ದು. ನೋಡಿದರೆ ಈ ಕ್ರಿಸಾಂತೊ ಕುಣೀತಾ ಇದಾನೆ! ಎರಡೂ ಕೈ ಮೇಲೆತ್ತಿ, ಕಣ್ಣಲ್ಲಿ ನೀರು ಸುರಿಸ್ಕೊಂಡು, ಬಾಯಿ ಕಿವಿ ತನಕ ಅಗಲಿಸಿ ಕುಣೀತಾ ಇದಾನೆ. ನಮ್ಮ ಹುಡುಗಿ ಸೋತರೆ ಇವನಿಗೆ ಹಬ್ಬವಾ! ಕೈಯಲ್ಲಿ ಕೊಡೆ ಇತ್ತು. ಎತ್ತಿದೆ. ಸೆಂಗ್ ಅಣ್ಣ ಹಿಡ್ಕೊಳ್ಳದೆ ಇದ್ದಿದ್ದರೆ ಆ ಫಿಲಿಪ್ಪೀನ್ಸಿನ ಬುರುಡೆ ಅವತ್ತು ಎರಡು ಹೋಳಾಗ್ತಿತ್ತು.

ರಂಪೈ ಓಡಿ ಬಂದು ನಡುವೆ ನಿಂತಳು.

"ಕ್ರೂ, ಕ್ರೂ! ಹೊಡೀಬೇಡಿ, ಅವನನ್ನ ಮದುವೆ ಆಗಬೇಕು ನಾನು!"

"ಯಾವಳೇ ನಿನಗೆ... ಏನಂದೆ?"

"ಬೆಳಿಗ್ಗೆ ತಿಂಡಿ ತಿನ್ನೋವಾಗ ಕೇಳಿದ. ಆಟ ಮುಗಿದ ಮೇಲೆ ಹೇಳ್ತೀನಿ ಅಂದಿದ್ದೆ."

"ಸರಿ, ಆಗು! ಬೇಡ ಅಂದೋರು ಯಾರು? ಅದಕ್ಕೆ ಪದ ಯಾಕೆ ಇಡಲಿಲ್ಲ ಮಾರಾಯ್ತಿ? ಜೋಡಿಸಿದ್ದೆ! ನನ್ನ ಕಣ್ಣಾರೆ ನೋಡಿದೆ, ಏಳೂ ಜೋಡಿಸಿದ್ದೆ!"

ಅವಳು ತಲೆ ತಗ್ಗಿಸಿದಳು. ಕಿವಿ ಕೆಂಪಾಗಿತ್ತು.

"ಅದರ ಅರ್ಥ ನಿಮಗೆ ಗೊತ್ತಿಲ್ಲ ಕ್ರೂ. ಹೆಂಡತಿ ಸತ್ತುಹೋದ ಗಂಡಸು ಅಂತ. ಇವನು ನನ್ನ ಬೆನ್ನ ಹಿಂದೆಯೇ ನಿಂತ್ಕೊಂಡು ನೋಡ್ತಾ ಇದಾನೆ, ನಾನು ಇವನಿಗೆ ಹೂಂ ಅನ್ನಬೇಕು ಅಂತ ಕೂತಿದೀನಿ. ಇವನನ್ನ ನನ್ನ ಕೈಯಾರೆ ವಿಧುರ ಮಾಡ್ಲಾ?"

ಕ್ರಿಸಾಂತೊ ತನ್ನ ಹರಕು ಥಾಯ್‌ನಲ್ಲಿ ಶುರು ಮಾಡಿದ, "ಕ್ರೂ, ನಾನು ನೋಡಿದೆ. ಪದ ನೋಡಿದೆ. ಅವಳು ಇಟ್ಟರೆ, ಇಲ್ಲ ಅಂತ. ಅವಳು ಕಲಸಿದಳು. ಹೌದು ಅಂತ! ನನಗೆ ತುಂಬ ಖುಷಿ ಇದೆ, ಬಟ್ಟಲಿಗೆ ತುಂಬ ದುಃಖ ಇದೆ." ಅಷ್ಟು ಹೇಳಿ ಮತ್ತೆ ಅತ್ತ.

ಆ ಇಡೀ ಮಾಲ್‌ನಲ್ಲಿ ಆ ಏಳು ಬಿಲ್ಲೆಯ ಅರ್ಥ ಗೊತ್ತಿದ್ದವರು ಇವರಿಬ್ಬರೇ. ಮದುವೆಯ ಮಾತುಕತೆ ನಮ್ಮೆಲ್ಲರ ಮೂಗಿನ ಕೆಳಗೇ ನಡೆದು ಮುಗಿದಿತ್ತು, ನಾನು ಅಂಕ ಎಣಿಸ್ತಾ ನಿಂತಿದ್ದೆ. ಕೊಡೆ ಕೆಳಗಿಳಿಸಿದೆ. ಸಿಟ್ಟು ಎಲ್ಲಿಗೆ ಹೋಯ್ತೋ ಕಾಣೆ. ಆ ಹುಡುಗಿಯನ್ನ ಹಿಡಿದು ಎದೆಗೆ ಒತ್ತಿಕೊಂಡೆ, ಹುರಿದ ಮಾಂಸದ ವಾಸನೆ ಬರ್ತಿತ್ತು, ನನಗೂ ಅಳು ಬಂತು.

ಅದೇ ಹೊತ್ತಿಗೆ ಬಟ್ಟಲು ಹಿಡ್ಕೊಂಡು ತವಿನ್ ಬಂದ, ಹಲ್ಲು ಕಿರಿದು.

"ಏನು ಸಮ್ರುವೈ, ನಿನ್ನ ಶಿಷ್ಯೆಗೆ ಕಣ್ಣಿನ ಪೊರೆಯಾ? ಅವಳು ಇಟ್ಟ ಮೂರು, ಉಳಿದ ನಾಲ್ಕು ಬಿಲ್ಲೆ ಸೇರಿಸಿ ನೋಡಿದೆ, ಆ ಪದ ನಮ್ಮೂರ ಚಿಕ್ಕ ಮಕ್ಕಳಿಗೂ ಕಾಣುತ್ತೆ. ನಾನು ಹೋದ ವರ್ಷ ಫುಕೆಟ್‌ನಲ್ಲಿ ಕಣ್ಣು ಮುಚ್ಕೊಂಡು ಇಟ್ಟಿದ್ದೆ."

"ಇಟ್ಟಿದ್ದೆಯಾ? ಭೇಷ್. ಅದರ ಅರ್ಥ ಗೊತ್ತಾ ನಿನಗೆ?"

"ಅರ್ಥ ಯಾಕೆ ಬೇಕು?"

"ಹೆಂಡತಿ ಸತ್ತ ಗಂಡಸು ಅಂತ ಕಣೋ. ಮೊದಲು ಮನೆಗೆ ಫೋನ್ ಮಾಡಿ ಅವಳು ಚೆನ್ನಾಗಿದ್ದಾಳಾ ಕೇಳು."

ತವಿನ್ ಹ್ಹೆ ಹ್ಹೆ ಅಂದ. ಆಮೇಲೆ ಅವನ ನಗು ಅರ್ಧಕ್ಕೇ ನಿಂತಿತು. ಬಟ್ಟಲನ್ನ ನನ್ನ ಕೈಗೇ ಕೊಟ್ಟು ಜೇಬಲ್ಲಿ ಫೋನ್ ಹುಡುಕ್ತಾ ಕಂಬದ ಹಿಂದೆ ಹೋದ. "ಹಲೋ, ಏನ್ ಮಾಡ್ತಾ ಇದೀಯಾ? ಏನಿಲ್ಲ, ಸುಮ್ಮನೆ. ಊಟ ಆಯ್ತಾ? ತಲೆ ಗಿಲೆ ಸುತ್ತುತ್ತಾ?" ಆ ಕಡೆಯಿಂದ ಅವನ ಹೆಂಡತಿ ಬೈಯೋದು ನಮ್ಮ ತನಕ ಕೇಳಿಸ್ತು. ಸೆಂಗ್ ಅಣ್ಣ ನಗು ತಡೆಯೋಕಾಗದೆ ನೆಲದ ಮೇಲೆ ಕೂತೇಬಿಟ್ಟ. ನಾನು ಬಟ್ಟಲನ್ನ ಒಂದು ಗಳಿಗೆ ಕೈಯಲ್ಲಿ ತೂಗಿ ನೋಡಿದೆ. ಅಂಥಾ ಭಾರವೇನೂ ಇರಲಿಲ್ಲ. ಅವನು ಬಂದ ಮೇಲೆ ವಾಪಸ್ ಕೊಟ್ಟೆ.

ವಾಪಸ್ ಬರೋವಾಗ ವ್ಯಾನಿನಲ್ಲಿ ಕ್ರಿಸಾಂತೊನನ್ನ ಮುಂದೆ, ರಂಪೈ ಪಕ್ಕ ಕೂರಿಸಿದೆ. ಸಾಮಾನಿನ ಜೊತೆ ಸೆಂಗ್ ಅಣ್ಣ ಹೋದ. ರಬ್ಬರ್ ತೋಟ ದಾಟೋ ಹೊತ್ತಿಗೆ ಅವನೇ ಹಿಂದಿನಿಂದ ಕೂಗಿದ.

"ಏ ಅಳಿಯಪ್ಪಾ, ಎರಡು ಎ ಪಕ್ಕಪಕ್ಕ ಇಡ್ತೀವಲ್ಲ, ಅದೇನು?"

"ಬೆಂಕಿ ಬೆಟ್ಟದ ಕಲ್ಲು ಅಣ್ಣ. ಆರಿದ ಮೇಲೆ."

"ಕಲ್ಲಾ? ಇಷ್ಟು ವರ್ಷ ಕಲ್ಲು ಹೊತ್ತೆನಾ ನಾನು! ಜೆಡ್ ಎ?"

"ಪಿಜ್ಜಾ. ಚಿಕ್ಕದಾಗಿ ಹಾಗಂತಾರೆ."

"ಕ್ಯೂ ಐ?"

"ಅದು ಚೀನೀ ಮಾತು. ಮೈಯೊಳಗಿನ ಪ್ರಾಣಶಕ್ತಿ. ಖಿ."

ಸೆಂಗ್ ಅಣ್ಣ ಸೀಟಿನಿಂದ ಎದ್ದೇ ನಿಂತ, ತಲೆ ವ್ಯಾನಿನ ಮಾಡಿಗೆ ಬಡೀತು. "ಅದು ಚೀನಾದಿಂದ ಬಂದ ನಮ್ಮಜ್ಜನ ಮಾತು ಕಣ್ರೋ! ನಮ್ಮ ಮನೆ ಮಾತನ್ನೇ ನಾನು ಮೇಷ್ಟ್ರಮ್ಮನ ಹತ್ರ ಬೈಸ್ಕೊಂಡು ಕಲಿತೆನಾ!" ನಗೋದರಲ್ಲಿ ಡ್ರೈವರು ಒಂದು ಸಲ ಗಾಡಿ ನಿಲ್ಲಿಸಬೇಕಾಯ್ತು. ಆಮೇಲೆ ಡ್ರೈವರೂ ಸೇರ್ಕೊಂಡ, ತನಗೆ ಗೊತ್ತಿರೋ ಒಂದೇ ಇಂಗ್ಲಿಷ್ ಬೈಗುಳದ ಅರ್ಥ ಕೇಳಿದ. ಕ್ರಿಸಾಂತೊ ನಾಚ್ಕೊಂಡು ಹೇಳಲಿಲ್ಲ.

ನಾನು ಕಿಟಕಿ ಆಚೆ ನೋಡ್ತಾ ಇದ್ದೆ. ಕೇಳಲೋ ಬೇಡವೋ ಅಂತ ಇತ್ತು. ಕೊನೆಗೆ ಕೇಳಿಯೇಬಿಟ್ಟೆ.

"ಹೆಂಡತಿ ಸತ್ತ ಗಂಡಸಿಗೆ ಆ ಪದ ಅಂದೆಯಲ್ಲ. ಗಂಡ ಸತ್ತ ಹೆಂಗಸಿಗೆ ಪದ ಇದೆಯಾ?"

ಕ್ರಿಸಾಂತೊ ರಂಪೈ ಮುಖ ನೋಡಿದ.

"ಇದೆ ಕ್ರೂ. ಅದೇ ಪದ. ಕೊನೆಯ ಎರಡು ಅಕ್ಷರ ತೆಗೆದರೆ."

ನಾನು ಬೆರಳು ಮಡಿಚಿ ತೆಗೆದು ನೋಡಿದೆ. ಡಬ್ಲ್ಯೂ, ಐ, ಡಿ, ಓ, ಡಬ್ಲ್ಯೂ. ಅಯ್ಯೋ ಶಿವನೇ ಅನ್ನೋ ಹಾಗಾಯ್ತು. ಅದು ನಾನು ಹೊಸಬರಿಗೆ ಮೊದಲ ವಾರದಲ್ಲೇ ಕಲಿಸೋ ಪದ! ಎರಡು ಡಬ್ಲ್ಯೂ ಬಂದರೆ ಹೆದರಬೇಡಿ, ಇದನ್ನ ಇಡಿ, ಒಳ್ಳೇ ಅಂಕ ಬರುತ್ತೆ ಅಂತ ಚಪ್ಪಾಳೆ ತಟ್ಟಿ ಹಾಡಿಸ್ತೀನಿ. ಸನಿತ್ ತೀರ್ಕೊಂಡ ಮೇಲೆ ನಾನೇ ಎಷ್ಟು ಸಲ ಅದನ್ನ ಹಲಗೆ ಮೇಲೆ ಇಟ್ಟಿದೀನೋ ಲೆಕ್ಕವಿಲ್ಲ. ನನ್ನನ್ನೇ ತಗೊಂಡು ನಾನೇ ಅಲ್ಲಿ ಇಟ್ಟು, ಖುಷಿಯಿಂದ ಅಂಕ ಕೂಡಿಸ್ಕೊಂಡಿದೀನಿ.

"ಕ್ರೂ, ಬೇಜಾರಾಯ್ತಾ?" ಅಂತ ರಂಪೈ ನನ್ನ ಕೈ ಹಿಡಿದಳು.

ಬೇಜಾರು ಅಲ್ಲ. ಏನು ಅಂತ ಹೇಳಲಿ? ಸನಿತ್ ಬದುಕಿದ್ದಾಗ ಸಂಜೆ ನಾನು ಪದ ಹಾಡ್ತಾ ಕೂತರೆ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸೋರು. ಒಂದೊಂದಕ್ಕೂ "ಅಂದರೆ ಏನೇ ಅದು?" ಅಂತ ಕೇಳೋರು. "ಸುಮ್ಮನೆ ಸೊಪ್ಪು ನೋಡಿ" ಅಂತ ಗದರೋಳು ನಾನು. ಬೈಸ್ಕೊಂಡು ನಕ್ಕು ಮತ್ತೆ ಮುಂದಿನ ಪದಕ್ಕೂ ಅದೇ ಕೇಳೋರು. ಅವರು ನಕ್ಕಿದ್ದು ಈಗ ಕಿವಿಯಲ್ಲೇ ಕೇಳಿಸಿದ ಹಾಗಾಗಿ, ನನಗೆ ಒಳಗಿನಿಂದ ನಗು ಉಕ್ಕಿ ಬಂತು, ಅದರ ಹಿಂದೆಯೇ ಕಣ್ಣೀರು. ಎರಡನ್ನೂ ತಡೆಯೋಕೆ ಹೋಗಲಿಲ್ಲ.

ಊರು ಸೇರೋ ಮುಂಚೆ ವಿಹಾರದ ಹತ್ತಿರ ವ್ಯಾನ್ ನಿಲ್ಲಿಸೋಕೆ ಹೇಳಿದೆ. ಹಿಂದುಗಡೆ ಗೋಡೆಯಲ್ಲಿ ಸನಿತ್ ಅವರ ಅಸ್ಥಿ ಇಟ್ಟಿರೋ ಗೂಡಿದೆ, ಮೇಲೆ ಪುಟ್ಟ ಫೋಟೋ. ಉಳಿದವರು ಗೇಟಿನ ಹತ್ತಿರ ನಿಂತರು. ನಾನು ಹೋಗಿ ಫೋಟೋ ಮೇಲಿನ ಧೂಳನ್ನ ಅಂಗಿಯ ತುದಿಯಿಂದಲೇ ಒರೆಸಿದೆ.

"ರೀ," ಅಂದೆ, "ಒಂದು ಪದದ ಅರ್ಥ ಗೊತ್ತಾಯ್ತು ಕಣ್ರೀ."

ಹೇಳಿದೆ. ಆಮೇಲೆ ಗೇಟಿನ ಕಡೆ ತಿರುಗಿ, ಬನ್ರೋ ಇಬ್ಬರೂ, ಇವರಿಗೂ ಕೈ ಮುಗೀರಿ ಅಂತ ಮದುವೆ ಜೋಡಿಯನ್ನ ಕೂಗಿ ಕರೆದೆ.